ಗೊಂಬೆ ಮೆಟ್ಟಿಲಿನ ಜೈಂಟ್ ವೀಲ್

ದಸರಾ ರಜೆ ಬಂತೆಂದರೆ ನಮ್ಮ ಯಡಿಯೂರಿನ ಬೀದಿಯ ಮಕ್ಕಳೆಲ್ಲ ಸಂಜೆಯಾಗುತ್ತಲೇ "ಆಂಟೀ, ಗೊಂಬೆ ಕೂರ್ಸಿದೀರಾ?" ಎಂದು ಮನೆಮನೆಯ ಗೇಟು ಬಡಿಯುತ್ತಿದ್ದ ಕಾಲ ಅದು. ಗೊಂಬೆ ಬರೀ ನೆಪ, ಅಸಲು ಆಸೆ ನೋಡಲು ಬಂದವರ ಕೈಗೆ ಹಾಕುವ ತಿಂಡಿ, ಆ ಚರ್ಪಿನ ಮೇಲೆ. ಒಂದು ಮನೆಯಲ್ಲಿ ಕಡಲೆಕಾಳು ಉಸಲಿ, ಇನ್ನೊಂದರಲ್ಲಿ ರವೆ ಉಂಡೆ, ಜಿಪುಣರ ಮನೆಯಲ್ಲಿ ಬರೀ ಕಲ್ಲುಸಕ್ಕರೆ. ನನ್ನದೋ ಕೂತಲ್ಲಿ ಕೂರುವ ಜಾಯಮಾನವೇ ಅಲ್ಲ. "ಇವಳ ಕಾಲಿಗೆ ಯಾರೋ ಚಕ್ರ ಕಟ್ಟಿದಾರೆ" ಎಂದು ಅಮ್ಮ ಬೈಯುತ್ತಿದ್ದಳು. ಅಂಥ ನನ್ನನ್ನು ಇಡೀ ಹಬ್ಬ ಮನೆಯಲ್ಲಿ ಕಟ್ಟಿಹಾಕಿದ್ದು ಒಂದು ಅಕ್ಕಿಕಾಳು ಎಂದರೆ ನೀವು ನಂಬಬೇಕು.

ಆ ವರ್ಷ ನಮ್ಮಲ್ಲಿ ಪ್ಲಾಸ್ಟಿಕ್ ಇಟ್ಟಿಗೆಗಳ ಒಂದು ದೊಡ್ಡ ಡಬ್ಬ ಇತ್ತು. ಅಪ್ಪನ ಆಫೀಸಿನವರೊಬ್ಬರು ತಮ್ಮ ಮಕ್ಕಳು ದೊಡ್ಡವರಾದರೆಂದು ಕೊಟ್ಟಿದ್ದು. ಇಟ್ಟಿಗೆಗಳ ಜೊತೆ ತೂತಿರುವ ಪಟ್ಟಿಗಳು, ಕಡ್ಡಿಗಳು, ಹಲ್ಲಿನ ಚಕ್ರಗಳೂ ಇದ್ದವು. ನನ್ನ ಅಣ್ಣ ರಘು ಆಗ ಒಂಬತ್ತನೇ ಕ್ಲಾಸು. ಆ ಡಬ್ಬ ಬಂದ ಮೇಲೆ ಅವನಿಗೆ ಊಟ ನಿದ್ದೆ ಬೇಡವಾಯಿತು, ಗಣಿತದ ಮಾರ್ಕ್ಸೂ ಬೇಡವಾಯಿತು. ಅರ್ಧವಾರ್ಷಿಕದ ಮಾರ್ಕ್ಸ್ ಕಾರ್ಡ್ ನೋಡಿದ ಅಪ್ಪ ಕೂಗಾಡಲಿಲ್ಲ. ವಿಲ್ಸನ್ ಗಾರ್ಡನ್ ಅತ್ತೆಗೆ ಫೋನ್ ಮಾಡಿ, "ವಿಜಯದಶಮಿ ದಿನ ಮಗನ್ನ ಕರ್ಕೊಂಡು ಬಾಮ್ಮ, ಚಿಂಟುಗೆ ಈ ಇಟ್ಟಿಗೆ ಡಬ್ಬ ಕೊಡ್ತೀನಿ" ಎಂದರು. ಕೂಗಾಡಿದ್ದರೇ ಚೆನ್ನಾಗಿತ್ತು.

"ಅಪ್ಪ ಇದುವರೆಗೂ ನಾನು ಕಟ್ಟಿದ್ದು ಒಂದಾದ್ರೂ ಓಡೋದನ್ನ ಕಣ್ಣಾರೆ ನೋಡಿಲ್ಲ ಕಣೇ. ಒಂದ್ಸಲ ನೋಡಿದ್ರೆ ಕೊಡಲ್ಲ" ಎಂದ ರಘು. ಅಷ್ಟು ನಂಬಿಕೆ ಪಾಪ, ಅವನಿಗೆ.

ಅಜ್ಜಿಯನ್ನು ಪುಸಲಾಯಿಸಿ ಗೊಂಬೆಗಳ ಕೊನೆಯ ಮೆಟ್ಟಿಲಲ್ಲಿ ಜಾಗ ಗಿಟ್ಟಿಸಿದೆವು. ಕಟ್ಟುವುದು ಜೈಂಟ್ ವೀಲ್, ಅದರಲ್ಲಿ ಕೂರುವವರು ಚನ್ನಪಟ್ಟಣದ ಪುಟಾಣಿ ಗೊಂಬೆಗಳು. ಮುರಿದ ಆಟದ ಕಾರಿನ ಮೋಟಾರು ಕಿತ್ತು ಜೋಡಿಸಿದೆವು. ಮೊದಲ ಸಲ ಸ್ವಿಚ್ ಒತ್ತಿದಾಗ ವೀಲು ಎಂಥಾ ಜೋರಾಗಿ ತಿರುಗಿತೆಂದರೆ ಗೊಂಬೆಯೊಂದು ಹಾರಿ ಅಮ್ಮನ ಸಾರಿನ ಪಾತ್ರೆಗೆ ಬಿತ್ತು. ಬೈಗುಳ ನನಗೇ ಬಿತ್ತು.

"ಮೋಟಾರಿಗೆ ಸ್ಪೀಡ್ ಇದೆ, ಶಕ್ತಿ ಇಲ್ಲ" ಎಂದು ರಘು ಮೋಟಾರಿಗೆ ಚಿಕ್ಕ ಚಕ್ರ ಹಾಕಿ, ಅದರಿಂದ ದೊಡ್ಡದನ್ನು, ಆ ದೊಡ್ಡದರ ಜೊತೆಗಿನ ಚಿಕ್ಕದರಿಂದ ಮತ್ತೊಂದು ದೊಡ್ಡದನ್ನು ತಿರುಗಿಸಿದ. ವೇಗ ಇಳಿಯಿತು, ಬಲ ಬಂತು. ಬಲ ಬಂದದ್ದೇ ವೀಲು ಹೊತ್ತ ಎರಡು ಕಂಬಗಳು ಬಾಯಿ ಬಿಟ್ಟವು. ನಾನು ಇಟ್ಟಿಗೆ ಮೇಲೆ ಇಟ್ಟಿಗೆಯನ್ನು ನೆಟ್ಟಗೆ ಪೇರಿಸಿದ್ದೆ. "ಗೋಡೆ ಕಟ್ಟೋರು ಹೀಗೆ ಕಟ್ತಾರೇನೆ ಕತ್ತೆ? ಕೆಳಗಿನ ಎರಡರ ಸಂದು ಮುಚ್ಚೋ ಹಾಗೆ ಮೇಲಿಂದು ಕೂರ್ಬೇಕು" ಎಂದು ಎಲ್ಲ ಬಿಚ್ಚಿಸಿದ. ಆಮೇಲೆ ಕಂಬದ ಉದ್ದಕ್ಕೂ ಒಂದು ಪಟ್ಟಿಯನ್ನು ನಿಲ್ಲಿಸಿ, ಮೇಲೂ ಕೆಳಗೂ ಪಿನ್ನು ಒತ್ತಿ ಬಿಗಿದ. ಕಂಬ ಹಿಡಿದು ಅಲ್ಲಾಡಿಸಿದೆ, ಜಗ್ಗಲಿಲ್ಲ. ನನಗೆ ಕುಣಿಯುವ ಹಾಗಾಯಿತು, ಕುಣಿದೆ ಕೂಡ.

ಪಾಡ್ಯದ ಸಂಜೆ ಅಪ್ಪ ಬೇಗ ಬಂದರು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಕೆಳಗೆ ನಮ್ಮ ವೀಲು. ಅಜ್ಜಿ ಪೂಜೆ ಮುಗಿಸಿ ಎಲ್ಲ ಗೊಂಬೆಗಳಿಗೂ ಧಾರಾಳವಾಗಿ ಅಕ್ಷತೆ ಎರಚಿದಳು. ಆರತಿ ಆಯಿತು. ರಘು ಸ್ವಿಚ್ ಒತ್ತಿದ. ವೀಲು ಒಂಚೂರು ಕದಲಿ, ಗರ್ರೆಂದು ನಿಂತುಬಿಟ್ಟಿತು.

"ಇದಕ್ಕಾ ಇಷ್ಟು ದಿನ ಹಾಳು ಮಾಡಿದ್ದು?" ಎಂದರು ಅಪ್ಪ.

ರಘು ಬೋರಲು ಮಲಗಿ ಟಾರ್ಚ್ ಬಿಟ್ಟು ನೋಡಿದ. ಎರಡು ಚಕ್ರಗಳ ಹಲ್ಲಿನ ನಡುವೆ ಅರಿಶಿನದ ಅಕ್ಕಿಕಾಳೊಂದು ಸಿಕ್ಕಿಕೊಂಡಿತ್ತು. ನಾನು ಕೈ ಹಾಕಲು ಹೋದೆ. ಅಜ್ಜಿ ಪಟ್ಟೆಂದು ಕೈಗೆ ಹೊಡೆದಳು. "ಕೂರ್ಸಿದ ಗೊಂಬೆ ದಶಮಿ ಸಂಜೆವರೆಗೂ ಮುಟ್ಟೋ ಹಾಗಿಲ್ಲ!"

"ಅಜ್ಜೀ, ಅದು ಗೊಂಬೆ ಅಲ್ಲ, ಮಷೀನು!"

"ಮೆಟ್ಟಿಲ ಮೇಲೆ ಕೂತಿದೆ ತಾನೆ? ಗೊಂಬೇನೇ."

ಅಯ್ಯೋ, ಆ ದಿನಗಳ ಸಂಕಟ! ಕಾಳು ಕಣ್ಣಿಗೆ ಕಾಣುತ್ತಿದೆ, ಕೈಗೆ ನಿಲುಕುತ್ತಿದೆ, ತೆಗೆಯುವ ಹಾಗಿಲ್ಲ. ಚರ್ಪಿಗೆಂದು ಬಂದ ಪ್ರತಿ ಮಗುವೂ "ಇದು ಯಾಕೆ ತಿರುಗಲ್ಲ?" ಎಂದು ಕೇಳುತ್ತಿತ್ತು. ಒಬ್ಬನಿಗೆ "ನಿನ್ ತಲೆ ತಿರುಗುತ್ತಲ್ಲ, ಸಾಕು" ಎಂದು ಹೇಳಿ ಅಮ್ಮನಿಂದ ಚಿವುಟಿಸಿಕೊಂಡೆ. ನಾನಂತೂ ಬಾಗಿಲಿಗೂ ಮೆಟ್ಟಿಲಿಗೂ ಓಡಾಡಿ ಓಡಾಡಿ ಎಲ್ಲರ ತಲೆ ತಿಂದೆ. ದೂರದಿಂದ ಊದಿ ನೋಡಿದೆ, ಫ್ಯಾನು ಜೋರು ಮಾಡಿದೆ, ದೇವರಿಗೆ ಬೈದೆ. ರಘು ಮಾತ್ರ ಕೂತು ಉಗುರು ಕಚ್ಚುತ್ತಿದ್ದ. ದಶಮಿಗೆ ಡಬ್ಬ ಹೋಗುವುದು ಇಬ್ಬರಿಗೂ ಗೊತ್ತಿತ್ತು.

ಆಯುಧಪೂಜೆಯ ಬೆಳಿಗ್ಗೆ ಅಜ್ಜಿ ಅಪ್ಪನ ಸ್ಕೂಟರು, ಮಿಕ್ಸಿ, ಹೊಲಿಗೆ ಮಷೀನು, ಕತ್ತರಿ, ಈಳಿಗೆಮಣೆ ಎಲ್ಲಕ್ಕೂ ಕುಂಕುಮ ಇಡುತ್ತಾ ಬಂದು ನಮ್ಮ ವೀಲಿನ ಮುಂದೆ ನಿಂತಳು. ರಘುವಿನ ಮುಖ ನೋಡಿದಳು. ಮೆಲ್ಲನೆ ತುರುಬಿನಿಂದ ಪಿನ್ನು ತೆಗೆದು, ಬಾಗಿ, ಕಾಳನ್ನು ಚಿಮ್ಮಿಸಿಬಿಟ್ಟಳು.

"ಮುಟ್ಟಬಾರ್ದು ಅಂದಿದ್ರಿ?" ಎಂದೆ.

"ನಾನೆಲ್ಲೇ ಮುಟ್ಟಿದೆ? ಪಿನ್ನು ಮುಟ್ತು. ಇವತ್ತು ಓಡಿಸ್ಬೇಡಿ, ಮಷೀನುಗಳಿಗೆ ರಜ. ನಾಳೆ ಓಡ್ಸಿ."

ಇನ್ನೂ ಒಂದು ದಿನ! ನನಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಮಾರನೆಯ ದಿನ ಅತ್ತೆ, ಚಿಂಟು ಬಂದರು. ಊಟಕ್ಕೆ ಮೊದಲು ರಘು ಎಲ್ಲರನ್ನೂ ಕರೆದು ಸ್ವಿಚ್ ಒತ್ತಿದ. ವೀಲು ತಿರುಗಿತು. ಗತ್ತಿನಿಂದ, ನಿಧಾನವಾಗಿ, ಗೊಂಬೆಗಳು ಮೇಲೆ ಹೋಗಿ ಕೆಳಗೆ ಬಂದವು. ಅಪ್ಪ ಪಂಚೆ ಮಡಚಿಕೊಂಡು ಕುಕ್ಕರಗಾಲಲ್ಲಿ ಕೂತರು. ಗೊಂಬೆ ಕೂತ ತೊಟ್ಟಿಲೊಂದಕ್ಕೆ ಬೆರಳು ಅಡ್ಡ ಹಿಡಿದರು. ವೀಲು ನಿಲ್ಲಲಿಲ್ಲ, ಅವರ ಬೆರಳನ್ನೇ ಪಕ್ಕಕ್ಕೆ ತಳ್ಳಿಕೊಂಡು ಹೋಯಿತು.

"ಎಲಾ ಇವನ! ಎಷ್ಟು ಬಲ ಇದೆಯೋ ಇದಕ್ಕೆ! ಹೆಂಗೋ ಮಾಡ್ದೆ?" ಎಂದು ನಕ್ಕರು. ಅಪ್ಪ ಹಾಗೆ ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ರಘು ಹೇಳತೊಡಗಿದ, ಚಿಕ್ಕ ಚಕ್ರ, ದೊಡ್ಡ ಚಕ್ರ, ತೊದಲುತ್ತಾ, ಕಿವಿ ಕೆಂಪಾಗಿ. ಗೆದ್ದೆವು ಅಂದುಕೊಂಡೆ.

"ಮಾವ, ಇದು ನಂದೇ ತಾನೆ?" ಎಂದ ಚಿಂಟು.

ಅಪ್ಪ ಎದ್ದು ಪಂಚೆ ಇಳಿಬಿಟ್ಟರು. ಆಮೇಲೆ ರಘುವಿನ ಮುಖ ನೋಡದೆ, "ಮಾತು ಕೊಟ್ಟಾಗಿದೆಯಲ್ಲ ಮಗ" ಎಂದರು.

ಆ ಸಂಜೆ ರಘು ತಾನೇ ಕೂತು ವೀಲನ್ನು ಬಿಚ್ಚಿದ. ಚಕ್ರಗಳನ್ನು ಬೇರೆ, ಕಡ್ಡಿಗಳನ್ನು ಬೇರೆ ಕವರಿಗೆ ಹಾಕಿ ಡಬ್ಬ ತುಂಬಿ ಚಿಂಟುವಿನ ಕೈಗೆ ಕೊಟ್ಟ. ಅತ್ತದ್ದು ನಾನು. ಅಪ್ಪ ಈಗಿಲ್ಲ, ಆದರೂ ಆ ಒಂದು ಮಾತಿಗೆ ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟಿದೆ.

ರಘು ಚೆನ್ನಾಗಿ ಓದಿದ. ಈಗ ಜಯನಗರದ ಬ್ಯಾಂಕೊಂದರಲ್ಲಿ ಆಫೀಸರು, ಒಳ್ಳೆಯ ಮನುಷ್ಯ, ಯಾರಿಗೂ ಎದುರಾಡಿದವನಲ್ಲ. ಮೊನ್ನೆ ಜೆ.ಪಿ. ನಗರದ ನಮ್ಮ ಮನೆಗೆ ಬಂದಿದ್ದ. ನನ್ನ ಮಗಳು ನಡುಮನೆಯ ತುಂಬ ಇಟ್ಟಿಗೆ ಹರಡಿಕೊಂಡು ಕ್ರೇನು ಕಟ್ಟುತ್ತಿದ್ದಳು. ಅದು ವಾಲುತ್ತಿತ್ತು, ಸಂದುಗಳೆಲ್ಲ ಒಂದೇ ಗೆರೆಯಲ್ಲಿದ್ದವು. ನಾನು ಬೇಕೆಂದೇ ಬಾಯಿ ಮುಚ್ಚಿಕೊಂಡು ನಿಂತೆ. ಈಗ ಕೂರುತ್ತಾನೆ, ಈಗ ಕತ್ತೆ ಅಂತ ಬೈದು ಎಲ್ಲ ಬಿಚ್ಚಿಸುತ್ತಾನೆ ಎಂದು ಕಾಯುತ್ತಿದ್ದೆ.

ಅವನು ಇಟ್ಟಿಗೆ ತುಳಿಯದಂತೆ ಜಾಗ್ರತೆಯಾಗಿ ದಾಟಿ ಹೋಗಿ ಸೋಫಾದಲ್ಲಿ ಕೂತ.

"ಓದೋದೆಲ್ಲ ಮುಗೀತಾ ಪುಟ್ಟಿ?" ಎಂದು ಕೇಳಿದ.