ಅಮ್ಮ ಬಾರದ ಮೈ

ಹೆಣ್ಣು ನೋಡಲು ಬಂದಾಗ ಅತ್ತೆ ನನ್ನ ಕೈ ತಿರುಗಿಸಿ, ಕುತ್ತಿಗೆ ನೋಡಿ, "ಮೈಮ್ಯಾಲೆ ಒಂದ್ ಕಲಿ ಇಲ್ಲ ನೋಡ್ರಿ" ಎಂದು ಮೆಚ್ಚಿಕೊಂಡಿದ್ದರು. ಕಾರಣ ಇಷ್ಟೇ: ನಮ್ಮ ಮನೆಯ ಮಕ್ಕಳಿಗೆಲ್ಲ ಅಮ್ಮ ಬಂದ ವರ್ಷ ನಾನು ಅಜ್ಜಿಯ ಊರಲ್ಲಿದ್ದೆ. ಅಮ್ಮ ಅಂದರೆ ದೊಡ್ಡ ಸಿಡುಬಲ್ಲ, ನೀರುಗುಳ್ಳೆ ಏಳುವ ಸೀತಾಳೆ ಸಿಡುಬು. ಅದು ನನಗೆ ಆಗಲಿಲ್ಲ. ಪುಣ್ಯ ಎಂದುಕೊಂಡೇ ದೊಡ್ಡವಳಾದೆ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಯಜಮಾನರು ನಾಸಿಕದ ಹತ್ತಿರ, ಓಝರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಕ್ವಾರ್ಟರ್ಸಿನಲ್ಲಿ ನಾವು ಮೂವರು, ಅತ್ತೆ ಸೇರಿ. ನನಗೆ ಎಂಟು ತಿಂಗಳು ತುಂಬಿತ್ತು. ಪಕ್ಕದ ಮನೆಯವರು ಬೆಳಗಾವಿ ಕಡೆಯವರು, ಅವರ ಹುಡುಗಿಗೆ ಅಮ್ಮ ಬಂದಳು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು.

ನಾಸಿಕದ ಡಾಕ್ಟರಬಾಯಿ ನನಗೆ ಎಂದೂ ಅಮ್ಮ ಬಂದಿಲ್ಲ ಎಂದು ಕೇಳಿದ್ದೇ ಬರೆಯುವುದನ್ನು ನಿಲ್ಲಿಸಿದರು. ಆ ಮನೆಯ ಹೊಸ್ತಿಲು ತುಳಿಯಬೇಡ, ಹೆರಿಗೆಯ ಹೊತ್ತಿಗೆ ನಿನಗೆ ಬಂದರೆ ಕೂಸಿಗೂ ಬರುತ್ತದೆ, ಹಸಿಗೂಸು ತಡೆಯುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿದರು. ಸೂಜಿ ಚುಚ್ಚಿರಿ ಎಂದು ತೋಳು ಮುಂದೆ ಮಾಡಿದೆ. ತೋಳಿನ ಮೇಲಿದ್ದ ಲಸಿಕೆಯ ಗುರುತು ತೋರಿಸಿ, ಅದು ದೊಡ್ಡ ಸಿಡುಬಿನದು, ಇದಕ್ಕೆ ಸೂಜಿಯೇ ಇಲ್ಲ ಎಂದರು.

ಅತ್ತೆಗೆ ಹೇಳಿದೆ. "ಡಾಕ್ಟರಬಾಯಿಗೆ ಏನ್ ಗೊತ್ತೈತಿ? ತಾಯಿಗೆ ಅಂಜಿ ಬಾಗಿಲಾ ಹಾಕ್ಕೊಂಡ್ರ ಆಕಿ ಸುಮ್ಮನ ಇರತಾಳೇನು?" ಎಂದರು.

ಮಂಗಳವಾರ ಪಕ್ಕದ ಮನೆಯವಳು ಹುಡುಗಿಗೆ ಬೇವಿನ ನೀರು ಹಾಕಿದಳು. ಅಮ್ಮನನ್ನು ಕಳಿಸುವ ದಿನ ಮುತ್ತೈದೆಯರಿಗೆ ಉಡಿ ತುಂಬುವುದು ಪದ್ಧತಿ. ಅದರಲ್ಲೂ ಬಸುರಿ ಸಿಕ್ಕರೆ ಬಿಡುವುದುಂಟೇ? ಕರೆಯಲು ಬಂದಳು. ಕಿಟಕಿಯಿಂದಲೇ ಅಂದೆ:

"ನಾ ಬರಂಗಿಲ್ರಿ ಅಕ್ಕಾರ. ಡಾಕ್ಟರ್ ಬ್ಯಾಡ ಅಂದಾರ."

"ಅಯ್ಯ, ಒಲ್ಲೆಂದ್ರ ಬಿಡ್ತೀವೇನ್ರಿ? ನೀವ್ ಬರದಿದ್ರ ನಾವ ಬರ್ತೀವಿ ತಗೋರಿ!"

ಬಂದೇಬಿಟ್ಟರು. ಹೊಸ ಫ್ರಾಕು ಹಾಕಿದ ಹುಡುಗಿ, ಅರಿಷಿಣದ ಬಟ್ಟಲು, ಕುಬಸದ ಕಣ, ಕೊಬ್ಬರಿ. ನಾನು ಚಿಲಕ ಹಾಕಿದೆ. ಅತ್ತೆ ತೆಗೆದರು. ಅಮ್ಮ ಬಂದ ಹುಡುಗಿಯ ಕೈಯಿಂದಲೇ ಅರಿಷಿಣ ಹಚ್ಚಿಸಿಕೊಳ್ಳಬೇಕಂತೆ. ನಾನು ಹಿಂದೆ ಸರಿದು ಗೋಡೆಗೆ ಬಡಿದೆ, ಮುಂದೆ ಹೊಟ್ಟೆ, ಹಿಂದೆ ಗೋಡೆ. ಅತ್ತೆ ಭುಜ ಹಿಡಿದು ಕೂಡ್ರಿಸಿದರು. ಹುಡುಗಿ ಎರಡೂ ಕೆನ್ನೆಗೆ ಹಚ್ಚಿತು. ಅದರ ಕಿವಿಯ ಹಿಂದೆ ಗುಳ್ಳೆಗಳು ಇನ್ನೂ ಹಸಿಯಾಗಿದ್ದವು.

ಅವರು ಹೋದದ್ದೇ ಬಟ್ಟೆ ಒಗೆಯುವ ಸಾಬೂನಿನಿಂದ ಮುಖ ತಿಕ್ಕಿದೆ, ಚರ್ಮ ಉರಿಯುವಷ್ಟು.

"ತಾಯಿ ಅರಿಷಿಣಾ ತೊಳಕೊಂಡ್ಯಲ್ಲಾ! ನಿಂದ್ ನೀ ಅನುಭೋಗಸು" ಎಂದರು ಅತ್ತೆ.

"ಅನುಭೋಗಸೂದು ನಾ ಅಲ್ಲರಿ, ಒಳಗಿನ ಕೂಸು" ಎಂದೆ.

ತವರಿನಲ್ಲಿ ತಾಯಿ ಇರಲಿಲ್ಲ. ಬಾಣಂತನ ಔರಂಗಾಬಾದಿನ ಚಿಗವ್ವ, ಕಾಕಾ ಅವರ ಮನೆಯಲ್ಲಿ ಎಂದು ಮೊದಲೇ ಮಾತಾಗಿತ್ತು. ಆ ಊರಿಗೆ ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ. ಮರುದಿನವೇ ಯಜಮಾನರು ಎಸ್‌ಟಿ ಬಸ್ಸಿನಲ್ಲಿ ಬಿಟ್ಟುಬಂದರು. ಓಡಿ ಬಂದೆ ಅನ್ನಬಹುದು, ಆದರೆ ಬೆನ್ನ ಹಿಂದೆ ಬಿಟ್ಟುಬಂದೆನೋ ಮೈಯೊಳಗೇ ಹೊತ್ತು ತಂದೆನೋ ಗೊತ್ತಿರಲಿಲ್ಲ.

ಅಲ್ಲಿ ದಿನಾ ಬಚ್ಚಲಲ್ಲಿ ಕೂತು ಮೈಮೇಲೆ ಗುಳ್ಳೆ ಹುಡುಕುವುದೇ ಕೆಲಸ. ಹೊಟ್ಟೆಯ ಕೆಳಗೆ ನನಗೆ ಕಾಣುತ್ತಿರಲಿಲ್ಲ, ಚಿಗವ್ವನನ್ನು ಕರೆಯುತ್ತಿದ್ದೆ. "ಸೊಳ್ಳಿ ಕಡದದ್ದವಾ, ಎಷ್ಟ ಸಲ ಹೇಳಲಿ?" ಎನ್ನುತ್ತಿದ್ದಳು. ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಹಾಗೆನ್ನಲಿಲ್ಲ. ಸೆರಗು ಎಳೆದು ಹೊಚ್ಚಿ, "ನಡಿ, ದವಾಖಾನಿಗೆ ಹೋಗೂಣು" ಎಂದಳು. ಗುಳ್ಳೆ ಎದ್ದ ಮೂರನೆಯ ದಿನ ಬೇನೆಯೂ ಬಂತು.

ಆಸ್ಪತ್ರೆಯಲ್ಲಿ ಕೊನೆಯ ಕೋಣೆಗೆ ಹಾಕಿದರು. ಹೆತ್ತೆ. ನರ್ಸು ದೂರದಿಂದ ಕೂಸನ್ನು ಎತ್ತಿ ತೋರಿಸಿದಳು, ಗಂಡು ಎಂದಳು, ತೆಗೆದುಕೊಂಡು ಹೋದಳು. ಚಿಗವ್ವನಿಗೆ ಚಿಕ್ಕಂದಿನಲ್ಲೇ ಅಮ್ಮ ಬಂದು ಹೋಗಿತ್ತು, ಆಕೆಯೇ ಬೇರೆ ಕೋಣೆಯಲ್ಲಿ ಕೂಸಿಗೆ ಆಕಳ ಹಾಲು ಕುಡಿಸಿದಳು. ನನ್ನ ಎದೆ ಕಲ್ಲಾಗಿತ್ತು. ಹಾಲು ಹಿಂಡಿ ಚೆಲ್ಲುತ್ತಿದ್ದೆ. ಕೂಸಿಗೂ ಗುಳ್ಳೆ ಏಳಬಹುದು, ಎದ್ದರೆ ಕಷ್ಟ ಎಂದಿದ್ದರು ಡಾಕ್ಟರು.

ಚಿಗವ್ವ ಬಾಗಿಲಲ್ಲಿ ಕಂಡರೆ ಸಾಕು.

"ಎದ್ದಾವೇನು?"

"ಇಲ್ಲ."

"ಬೆನ್ನು ನೋಡಿದ್ಯೇನು?"

"ನೋಡೀನವಾ."

"ತಲಿ? ಕೂದ್ಲದಾಗ ಇರತಾವ."

"ಕೂದ್ಲಾ ಎಲ್ಲದಾವ ಅವಗ? ನಿಮ್ಮ ಕಾಕಾನಂಗ ಬೋಳ ಬುರಡಿ!"

ನನಗೆ ನಗು ಬರಲಿಲ್ಲ. ಕೂಸು ಅತ್ತರೆ ಜ್ವರ ಬಂತು ಎಂದುಕೊಳ್ಳುತ್ತಿದ್ದೆ, ಸುಮ್ಮನಾದರೆ ಸತ್ತಿತು ಎಂದುಕೊಳ್ಳುತ್ತಿದ್ದೆ. ದೇವರಿಗೆ ಕೈ ಮುಗಿಯಲಿಲ್ಲ. ಮುಗಿದರೆ ಅಮ್ಮ ಬರುತ್ತಾಳೋ, ಮುಗಿಯದಿದ್ದರೆ ಬರುತ್ತಾಳೋ ತಿಳಿಯದೆ ಕೈ ಮಡಿಲಲ್ಲೇ ಇಟ್ಟುಕೊಂಡಿದ್ದೆ.

ನನ್ನ ಹಕ್ಕಳೆಗಳೆಲ್ಲ ಉದುರಿ, ಡಾಕ್ಟರು ಕೂಸಿಗೆ ಕೊಟ್ಟ ಗಡುವೂ ಮುಗಿದ ಮೇಲೆ ಚಿಗವ್ವ ಕೂಸನ್ನು ತಂದು ತೊಡೆಯ ಮೇಲೆ ಹಾಕಿದಳು. ಮೊಲೆಗೆ ಹಿಡಿದರೆ ಮುಖ ತಿರುಗಿಸಿತು. ಅದಕ್ಕೆ ನಾನು ಯಾರೋ. ಹಿಡಿಯದಿದ್ದರೆ ಹೋಗಲಿ ಎಂದು ಮೊದಲು ಅದರ ಬಟ್ಟೆ ಬಿಚ್ಚಿದೆ. ಕಂಕುಳು, ತೊಡೆಸಂದಿ, ಕಿವಿಯ ಹಿಂದೆ ನೋಡಿದೆ. ಒಂದು ಚುಕ್ಕೆಯೂ ಇರಲಿಲ್ಲ. ಬಟ್ಟೆ ಸುತ್ತಿದೆ. ನಂಬಿಕೆ ಬರಲಿಲ್ಲ, ಮತ್ತೆ ಬಿಚ್ಚಿದೆ.

"ಥಂಡಿ ಹತ್ತಿ ಸಾಯತೈತಿ, ಮುಚ್ಚ ಅದನ್ನ!" ಎಂದು ಚಿಗವ್ವ ಕೈಮೇಲೆ ಹೊಡೆದಳು.