ಓಡದ ಪ್ರೋಗ್ರಾಮಿನ ಹಸಿರು ಗೆರೆ

…ಅಥವಾ ಹಸಿರು ಗೆರೆ ಬರುವ ಮೊದಲೇ ನಾನು ಸಹಿ ಹಾಕಿದ್ದೆನೋ ಏನೋ, ಈಗ ಆಣೆ ಮಾಡಿ ಹೇಳಲಾರೆ. ನೆನಪು ನನ್ನ ಪರವಾಗಿ ಸಾಕ್ಷಿ ಹೇಳುವಾಗ ಮುಖ ತೊಳೆದುಕೊಂಡೇ ಬರುತ್ತದೆ. ಖಚಿತವಿರುವುದು ಇಷ್ಟು: ಕೊಪ್ಪಳದ ಒಂದು ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕ, ಮೇಜಿನ ಮೇಲೆ ಕಂದು ಹೊದಿಕೆಯ ನಲವತ್ತೊಂದು ಲ್ಯಾಬ್ ರೆಕಾರ್ಡುಗಳು, ಕೈಯಲ್ಲಿ ಕೆಂಪು ಪೆನ್ನು.

ಓದುಗ ಮಿತ್ರರೇ, ಜಾವಾದಲ್ಲಿ ರಿಯಾಕ್ಟಿವ್ ಪ್ರೋಗ್ರಾಮಿಂಗ್ ಎಂಬುದೊಂದಿದೆ. ಮಾಹಿತಿಯನ್ನು ನಾವು ಹುಡುಕಿಕೊಂಡು ಹೋಗುವುದಿಲ್ಲ. ಅದು ಬಂದಾಗ ಏನು ಮಾಡಬೇಕೆಂದು ಮೊದಲೇ ಬರೆದಿಟ್ಟು ಕೂರುತ್ತೇವೆ. ಆದರೆ ಕೊನೆಗೆ 'ಸಬ್‌ಸ್ಕ್ರೈಬ್' ಎಂಬ ಒಂದು ಸಾಲು, ಅಂದರೆ 'ನನಗೆ ಬೇಕು, ಕಳಿಸು' ಎಂಬ ಬೇಡಿಕೆ, ಇರದಿದ್ದರೆ ಮೇಲೆ ಬರೆದದ್ದೆಲ್ಲ ತೆಪ್ಪಗೆ ಬಿದ್ದಿರುತ್ತದೆ. ಇದನ್ನು ಮಕ್ಕಳು ಮಾಡಿ ಕಲಿಯಲೆಂದು ಹತ್ತು ಅಭ್ಯಾಸಗಳ ಹಾಳೆ ಹಂಚಿದ್ದೆ. ಖಾಲಿ ಬಿಟ್ಟ ಜಾಗ ತುಂಬಿ ಕಂಪ್ಯೂಟರಿನಲ್ಲಿ ಓಡಿಸಿದರೆ, ತಪ್ಪು ಸಿಕ್ಕರೆ ಕೆಂಪು ಗೆರೆ, ಸಿಗದಿದ್ದರೆ ಹಸಿರು. ಏಳನೆಯದರಲ್ಲಿ ನಮ್ಮ ಸುತ್ತಲಿನ ಊರುಗಳ ಹೆಸರು ಒಂದೊಂದಾಗಿ ಹರಿದುಬರುತ್ತವೆ. 'ಕು' ಅಕ್ಷರದಿಂದ ಶುರುವಾಗುವವು ಮಾತ್ರ ತೆರೆಯ ಮೇಲೆ ಮೂಡಬೇಕು.

ನಮ್ಮಲ್ಲಿ ಮಾಡಿ ಕಲಿಯುವುದೆಂದರೆ ಬರೆದು ಕಲಿಯುವುದು. ರೆಕಾರ್ಡಿನ ಗೆರೆಯುಳ್ಳ ಬಲಪುಟದಲ್ಲಿ ಪೆನ್ನಿನಿಂದ ಪ್ರೋಗ್ರಾಮು, ಬಿಳಿಯ ಎಡಪುಟದಲ್ಲಿ ಪೆನ್ಸಿಲ್ಲಿನಿಂದ ಔಟ್‌ಪುಟ್, ಸುತ್ತ ಸ್ಕೇಲಿಟ್ಟು ಎಳೆದ ಚೌಕಟ್ಟು. ಕಂಪ್ಯೂಟರು ಏನಂದಿತೆಂಬುದು ಅದರ ಖಾಸಗಿ ವಿಷಯ. ನಲವತ್ತು ಎಡಪುಟಗಳಲ್ಲಿ ಕುಕನೂರು, ಕುಷ್ಟಗಿ, ಕೆಳಗೆ ಯಲಬುರ್ಗಾ ಇದ್ದವು. ಮೊದಲು ಬರೆದ ಮಹಾನುಭಾವನ ಕೈ ಜಾರಿತ್ತು. ಉಳಿದ ಮೂವತ್ತೊಂಬತ್ತು ಕೈಗಳು ಭಕ್ತಿಯಿಂದ ಜಾರಿದ್ದವು. ಅಷ್ಟೇ ಭಕ್ತಿಯಿಂದ ನಾನು ಸಹಿ ಹಾಕುತ್ತ ಹೋದೆ.

ನಲವತ್ತೊಂದನೆಯದು ಅಳವಂಡಿಯ ರೇಣುಕಾಳದು. ಏಳನೆಯ ಅಭ್ಯಾಸದ ಚೌಕಟ್ಟಿನೊಳಗೆ ಎರಡೇ ಪದ: 'ಏನೂ ಬರಲಿಲ್ಲ.' ಈ ಪ್ರಾಕ್ಟಿಕಲ್‌ನಲ್ಲಿ ಅವಳು ಒಮ್ಮೆ ಫೇಲಾಗಿದ್ದಳು. ಶನಿವಾರದೊಳಗೆ ಸಹಿಯಾಗದಿದ್ದರೆ ಸೋಮವಾರ ಪರೀಕ್ಷೆಗೆ ಕೂರುವಂತಿಲ್ಲ. ಇನ್ನೊಂದು ವರ್ಷ ಹೋದ ಹಾಗೆಯೇ.

"ಎಲ್ಲಾರೂ ಬರದಾರಲ್ಲವಾ, ನೀನೂ ಬರಕೊಂಡು ಬಾ," ಎಂದೆ.

"ಕಾಣದ್ದನ್ನ ಹೆಂಗ ಬರೀಲ್ರಿ ಸರ?"

ಪಕ್ಕದಲ್ಲಿದ್ದ ಗೆಳತಿ ಮಂಜುಳಾ ತಿವಿದಳು: "ರೆಕಾರ್ಡ್ ಬರಿ ಅಂದ್ರ ಪಂಚನಾಮಿ ಬರಿಯಾಕ ಕುಂತಿಯಲ್ಲ. ನಂದು ನೋಡಿ ಇಳಿಸ್ಕೊ ಸುಮ್ನ."

"ನಿನ್ನ ಯಲಬುರ್ಗಾ 'ಕು'ದಾಗ ಬರತೈತೇನ?"

ಹೀಗೆಂದವಳೇ ಕಂಪ್ಯೂಟರಿನ ಮುಂದೆ ಕೂತು, ತನ್ನ ಉತ್ತರದಲ್ಲಿ 'ಕು' ಇದ್ದಲ್ಲಿ 'ಮು' ಹಾಕಿ ಓಡಿಸಿದಳು. ಹಸಿರು. "ತಪ್ಪು ಹಾಕಿದ್ರೂ ಹಸಿರೇ ಐತ್ರಿ ಸರ. ಇದು ಓಡೇ ಇಲ್ರಿ."

ಏಳನೆಯ ಅಭ್ಯಾಸದಲ್ಲಿ 'ಸಬ್‌ಸ್ಕ್ರೈಬ್' ಎಂಬ ಕೊನೆಯ ಆ ಸಾಲು ಹಾಕಲು ನಾನೇ ಮರೆತಿದ್ದೆ. ಯಾರೂ ಕೇಳಲಿಲ್ಲವಾಗಿ ಯಾವ ಊರೂ ಹರಿಯಲಿಲ್ಲ. ಏನೂ ನಡೆಯದ ಕಡೆ ತಪ್ಪೂ ನಡೆಯುವುದಿಲ್ಲವೆಂಬ ಈ ತತ್ತ್ವವನ್ನು ನಮ್ಮ ಕಾಲೇಜು ಕಂಪ್ಯೂಟರು ಬರುವ ಮೊದಲೇ ಸಾಧಿಸಿಕೊಂಡಿತ್ತು. ವಿಭಾಗದ ಮುಖ್ಯಸ್ಥರಿಗೆ ಹೇಳಿದರೆ ಅವರು ಚಹಾದ ಕಪ್ಪಿನಿಂದ ತಲೆಯೆತ್ತಲಿಲ್ಲ. "ನಲವತ್ತಕ್ಕ ಸಹಿ ಆಗ್ಯಾವಲ್ರಿ ಸರ. ಒಬ್ಬಾಕಿ ಸಲುವಾಗಿ ಎಲ್ಲಾ ಹೊಳ್ಳಿ ಬರಸ್ತೀರೇನು? ಆಕೀಗೇ ಮೂರು ಹೆಸರು ಬರಿ ಅನ್ರಿ, ಮುಗೀತು."

ಇಲ್ಲಿ ನನ್ನ ನೆನಪು ಎದೆಯುಬ್ಬಿಸುತ್ತದೆ: ನೇರ ಹೋಗಿ 'ಏನೂ ಬರಲಿಲ್ಲ' ಎಂಬುದರ ಕೆಳಗೆ ಸಹಿ ಹಾಕಿದೆನಂತೆ. ನಿಜಕ್ಕೆ ಹತ್ತಿರವಾದದ್ದು ಬೇರೆ. ಆ ಗುರುವಾರದಿಂದ ಎರಡು ದಿನ ಅವಳ ರೆಕಾರ್ಡು ನನ್ನ ಡ್ರಾಯರಿನಲ್ಲಿತ್ತು. ಶನಿವಾರ ಮಧ್ಯಾಹ್ನ ಅವಳು ಬಾಗಿಲಲ್ಲಿ ನಿಂತಳು. ಅಳವಂಡಿಯ ಬಸ್ಸು ಹೋಯಿತು, ಅವಳು ಹೋಗಲಿಲ್ಲ. ಸಹಿ ಹಾಕಿದೆ. ಉಳಿದ ನಲವತ್ತನ್ನು ಮುಟ್ಟಲಿಲ್ಲ.

ಸೋಮವಾರ ಅಂಥದೇ ಪ್ರಶ್ನೆ ಬಂತು. ರೇಣುಕಾ ಎಲ್ಲಕ್ಕಿಂತ ಮೊದಲು ಕೊನೆಯ ಸಾಲು ಬರೆದು, ಆಮೇಲೆ ಅದರ ಮೇಲಿನದನ್ನು ತುಂಬತೊಡಗಿದಳು.

"ಯಾಕವಾ, ಉಲ್ಟಾ ಬರೀತಿ?" ಎಂದರು ಹೊರಗಿನಿಂದ ಬಂದ ಪರೀಕ್ಷಕರು.

"ಇದಿಲ್ಲಂದ್ರ ಉಳಿದದ್ದು ಓಡೂದಿಲ್ರಿ."

ಹೆಸರುಗಳು ತೆರೆಯ ಮೇಲೆ ಬಂದವು, ಅವಳು ಪಾಸಾದಳು. ಬರೀ ಹಸಿರು ಗೆರೆ ತೋರಿಸಿದವರೂ ಪಾಸಾದರು.

ಉಳಿದ ಒಂಬತ್ತು ಅಭ್ಯಾಸಗಳಲ್ಲಿ ಆ ಸಾಲು ಇತ್ತು. ಅವಳು ಅವನ್ನೆಲ್ಲ ಮಾಡಿದ್ದಳು. ಏಳನೆಯದಕ್ಕೂ ಅದನ್ನು ಸೇರಿಸಿದ್ದರೆ ಗುರುವಾರವೇ ಸಹಿ ಸಿಗುತ್ತಿತ್ತು. ಗೊತ್ತಿದ್ದೂ ಸೇರಿಸದೆ, ನಾನೇನು ಮಾಡುತ್ತೇನೆಂದು ನೋಡುತ್ತ ವರ್ಷವನ್ನೇ ಪಣಕ್ಕಿಟ್ಟಳೋ, ಅಥವಾ ಆಮೇಲೆ ಹೊಳೆಯಿತೋ? ಕೇಳಲು ನನಗೆ ಮುಖವಿರಲಿಲ್ಲ, ಕೇಳಲಿಲ್ಲ. ಹಾಗಾಗಿ ಗೊತ್ತಿಲ್ಲ.