ಕೆಂಪು ಶಾಯಿಯ ಅರ್ಜೆಂಟ್ ಹೊರುವ ದಾದಾಸಾಬರು

ಬೆಳಗಿನ ಐದೂವರೆ. ಶಿರಸಿಯ ಕಚೇರಿಯೊಂದರ ಜಗುಲಿಯಲ್ಲಿ ಪಟ್ಟೇವಾಲಾ ದಾದಾಸಾಬರು ಮೊಣಕಾಲಿಗೆ ಎಣ್ಣೆ ತಿಕ್ಕಿ ಬಟ್ಟೆ ಬಿಗಿಯುತ್ತಿದ್ದಾರೆ. ಪಕ್ಕದಲ್ಲಿ ಒಂದು ಲಕೋಟೆ. ಅದರ ಮೇಲೆ ಕೆಂಪು ಶಾಯಿಯಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಶಬ್ದ: URGENT, ಅರ್ಜೆಂಟ್.

"ಓದ್ಲಿಕ್ಕೆ ಬರೂದಿಲ್ಲ. ಮೊದ್ಲಿಗೆ ಒಂದು ಬಟ್ಟಲು, ಕೊನೆಗೆ ಒಂದು ಕಂಬ. ಅಷ್ಟು ಕಂಡ್ರೆ ಹೊರಡೂದು."

ಇಸವಿ ೧೯೧೫ರಿಂದ ಈ ಮೂವತ್ತಾರರವರೆಗೆ ಅವರ ಕೆಲಸ ಇದೇ. ಸಾದಾ ಕಾಗದ ಚೀಲ ಸೇರಿ ಮೋಟಾರು ಹತ್ತುತ್ತದೆ. ಕೆಂಪು ಶಬ್ದವಿದ್ದದ್ದು ಇವರ ಕಾಲ ಮೇಲೆ ಹೋಗುತ್ತದೆ. ಸಿದ್ದಾಪುರಕ್ಕೆ ಇಪ್ಪತ್ತೆರಡು ಮೈಲಿ, ಯಲ್ಲಾಪುರಕ್ಕೆ ಮೂವತ್ತು. ಹತ್ತು ಗಂಟೆಗೆ ಹೊರಟ ಮೋಟಾರು ಅರ್ಧ ದಾರಿಯಲ್ಲಿ ಇವರ ಮೈಗೆಲ್ಲ ಧೂಳು ಹಾರಿಸಿ ಮುಂದೆ ಹೋಗುತ್ತದೆ. ಅದರಲ್ಲೇ ಕಳಿಸಬಾರದೇ ಎಂದು ಕಾರಕೂನ ಕಮಲಾಕರರನ್ನು ಕೇಳಿದೆ.

"ಹತ್ತರ ತನಕ ಕಾಯ್ಬೇಕಲ್ರಿ. ಅರ್ಜೆಂಟ್ ಕಾಯೂ ಹಾಂಗಿಲ್ಲ" ಎಂದರು. ನನಗೂ ಸರಿಯೆನಿಸಿತು.

'ಅರ್ಜೆಂಟ್' ಎಂದು ಕೂಗಿದರೆ ಸಿದ್ದಾಪುರ ರಸ್ತೆಯ ಎಮ್ಮೆಗಳು ಎದ್ದು ದಾರಿ ಬಿಡುತ್ತವೆ. ಈ ಸೀಮೆಯಲ್ಲಿ ಆ ಶಬ್ದದ ಅರ್ಥ ಸರಿಯಾಗಿ ತಿಳಿದದ್ದು ಅವಕ್ಕೆ ಮಾತ್ರ. ಹೋದ ಮಳೆಗಾಲ ಎದೆಮಟ್ಟದ ಹಳ್ಳ ದಾಟಿ, ಮುಂಡಾಸಿನಲ್ಲಿಟ್ಟು ಇವರು ಒಯ್ದ ಲಕೋಟೆಯಲ್ಲಿ ಏನಿತ್ತೆಂದು ಕಮಲಾಕರರೇ ಹೇಳಿದರು: ಸಾಹೇಬರ ಬಿಡಾರಕ್ಕೆ ಎರಡು ಡಜನ್ ಲಿಂಬೆಹಣ್ಣು ಬೇಕು. ಅದರ ಹಿಂದಿನದರಲ್ಲಿ, ಅದಕ್ಕೂ ಹಿಂದಿನ ಅರ್ಜೆಂಟ್ ಮುಟ್ಟಿತೋ ಇಲ್ಲವೋ ಎಂಬ ವಿಚಾರಣೆ.

ಬಿಳಗಿಯಲ್ಲಿ ವಾಂತಿಭೇದಿ ಎದ್ದಾಗ ಔಷಧ ಕೇಳಿ ಬಂದ ಕಾಗದಕ್ಕೆ ಮಾತ್ರ ಯಾರೂ ಕೆಂಪು ಶಾಯಿ ತಾಗಿಸಲಿಲ್ಲ. ಅದು ಮೋಟಾರಿನಲ್ಲಿ ಅದೇ ದಿನ ಮುಟ್ಟಿ, ಯಾರೂ ಬಿಚ್ಚದ ಚೀಲದಲ್ಲಿ ಹದಿನಾಲ್ಕು ದಿನ ಮಲಗಿತು. ಔಷಧ ಮುಟ್ಟಿದಾಗ ವೆಂಕಮ್ಮ ಎಂಬಾಕೆಯ ಮನೆಯಲ್ಲಿ ಕುಡಿಯುವವರೇ ಉಳಿದಿರಲಿಲ್ಲ.

"ಆ ಕಾಗದ ನಾ ಕಂಡಿದ್ದೆ. ಬಟ್ಟಲೂ ಇರ್ಲಿಲ್ಲ, ಕಂಬಾನೂ ಇರ್ಲಿಲ್ಲ" ಎಂದು ದಾದಾಸಾಬರು ನೆಲ ನೋಡುತ್ತಾರೆ.

ಈಗ ಮೊಣಕಾಲು ಊದಿದೆ. ಕೂತು ಬಾಗಿಲು ಕಾಯುವ ಕೆಲಸ ಕೊಡಿ ಎಂದು ಯಲ್ಲಾಪುರದ ಸಾಹೇಬರಿಗೆ ಮೂರು ವರ್ಷದಲ್ಲಿ ಐದು ಅರ್ಜಿ ಹೋದವು. ಒಂದಕ್ಕೂ ಜವಾಬಿಲ್ಲ. ಹೆಂಡತಿ ಖುರ್ಷಿದಾ ಒಂದು ದಿನ ರೇಗಿದರು:

"ಊರ ಮಂದೀದೆಲ್ಲ ಅರ್ಜೆಂಟ್ ಹೊತ್ರಿ. ನಿಮ್ಮ ಕಾಗದಕ್ಕೆ ಒಂದು ಬರಸ್ಲಿಕ್ಕೆ ಬಾಯಿ ಬಿದ್ದು ಹೋಗಿದ್ಯಾ?"

ದಾದಾಸಾಬರು ಹೋಗಿ ಬೇಡಿಕೊಂಡರು. ಕಮಲಾಕರರು ಒಳ್ಳೆಯವರು. ಆರನೆಯ ಅರ್ಜಿಯ ಲಕೋಟೆಯ ಮೇಲೆ ಕೆಂಪಗೆ ಬರೆದು, ಹೊರಡುವ ವೇಳೆಯನ್ನೂ ನಮೂದಿಸಿ, ತಲೆ ಎತ್ತಿದರು: "ಅರ್ಜೆಂಟ್ ಆತಲ್ಲ ದಾದಾ, ಇನ್ನೆಂತ ನೋಡ್ತೆ? ಹೊರಡು."

ಹೊರಟರು. ಕುಂಟುತ್ತಲೇ ಮೂವತ್ತು ಮೈಲಿ ನಡೆದು, ದೀಪ ಹಚ್ಚುವ ಹೊತ್ತಿಗೆ ಲಕೋಟೆ ಒಪ್ಪಿಸಿದರು. ಸಾಹೇಬರು ಹೊರಟ ವೇಳೆ ನೋಡಿದರು, ಗೋಡೆಯ ಗಡಿಯಾರ ನೋಡಿದರು, ಬರೆದರು: ಒಂದೇ ಹಗಲಿನಲ್ಲಿ ಮೂವತ್ತು ಮೈಲಿ ನಡೆಯುವವನ ಕಾಲಿಗೆ ಏನೂ ಆಗಿಲ್ಲ, ಅರ್ಜಿ ವಜಾ. ಆ ಜವಾಬೂ ಅರ್ಜೆಂಟ್. ಅದನ್ನು ಶಿರಸಿಗೆ ಹೊತ್ತು ತಂದವರೂ ಅವರೇ.

"ದಾರಿಯಲ್ಲಿ ಎಲ್ಲಾದರೂ ಕೂತು ಎರಡು ದಿನ ತಡ ಮಾಡಬಹುದಿತ್ತಲ್ಲ?" ಎಂದೆ.

ದಾದಾಸಾಬರಿಗೆ ಸಿಟ್ಟೇ ಬಂತು.

"ಹಾಂಗೆ ಹೆಂಗಾಗ್ತದೆ ಸ್ವಾಮಿ? ಇಪ್ಪತ್ತೊಂದು ವರ್ಷದಲ್ಲಿ ಒಬ್ರ ಕಾಗದಾನೂ ತಡ ಮಾಡಿಲ್ಲ. ನಂದು ಅಂತ ತಡ ಮಾಡ್ಲಾ?"